ಚೊಗರಿನ ಕಲೆ

ಮಲೆನಾಡಿನ ಅಡಕೆಯ ಮನೆಗಳಲ್ಲಿ ಹುಟ್ಟಿ ಬೆಳೆದವರಿಗೆ ಚೊಗರೆಂದರೇನೆಂದು ಹೇಳಬೇಕಾದುದಿಲ್ಲ. ಉಳಿದ ವಾಚಕರಿಗಾಗಿ ಎರಡು ಮಾತು. ಸುಲಿದ ಹಸಿಯಡಕೆಯನ್ನು ದೊಡ್ಡ ಹಂಡೆಯಲ್ಲಿ ಬೇಯಿಸಿ ಬಿಸಿಲಿಗೆ ಹರವುತ್ತಾರೆ. ಬೆಂದ ಅಡಕೆಯನ್ನು ತೋಡಿದ ಮೇಲೆ ಹಂಡೆಯಲ್ಲುಳಿಯುವ ಮಂದವಾದ ಕೆನ್ನೀರೇ ಚೊಗರು. ಅಡಕೆಗೆ ಬಣ್ಣವೇರಲೆಂದು ಅದರಲ್ಲಿ ಕೊಂಚವನ್ನು ಮುಂದಿನ ಬೇಯಿಕೆಗೆ ಕೂಡಿಸಿಕೊಳ್ಳುವುದುಂಟು. ಮಿಕ್ಕುದೆಲ್ಲ ನಮ್ಮ ಮನೆಯಲ್ಲಿ ಹಿತ್ತಿಲ ಗುಂಡಿಗೆ ಹೋಗುತ್ತಿತ್ತು. ಅರಿವೆಗೆ ತಾಗಿದರೆ ಅದು ಯಾವ ಸಾಬೂನಿಗೂ ಬಗ್ಗದು. ಸುಗ್ಗಿಯ ರಾತ್ರಿಗಳಲ್ಲಿ ಮೆಟ್ಟುಗತ್ತಿಯ ಮುಂದೆ ಕುಳಿತು ಅಡಕೆ ಸುಲಿಯುತ್ತಿದ್ದ ನನ್ನ ತಾಯಿಯ ಬೆರಳುಗಳು ಅಡಕೆಯ ಕಲೆಯಿಂದ ಕಪ್ಪಿಟ್ಟಿರುತ್ತಿದ್ದವು. ಪೇಟೆಯಿಂದ ನೆಂಟರು ಬಂದರೆ ಆಕೆ ಆ ಕೈಗಳನ್ನು ಸೆರಗಿನಲ್ಲಿ ಮರೆಮಾಡಿಕೊಂಡೇ ಮಾತನಾಡುತ್ತಿದ್ದಳು.

ಆ ಕಲೆಯೇ ಮುಂದೆ ಹಲವು ಮನೆಗಳಿಗೆ ಅನ್ನವಾದೀತೆಂದು ಆಗ ಯಾರಾದರೂ ನುಡಿದಿದ್ದರೆ ನಾವು ನಕ್ಕುಬಿಡುತ್ತಿದ್ದೆವು.

ಸಾಗರ ತಾಲೂಕಿನ ಹೆಗ್ಗೋಡನ್ನು ನಮ್ಮ ವಾಚಕರು ನಾಟಕದ ಊರೆಂದು ಬಲ್ಲರು. 1949ರಲ್ಲಿ ಹುಟ್ಟಿದ ಶ್ರೀ ನೀಲಕಂಠೇಶ್ವರ ನಾಟ್ಯಸೇವಾ ಸಂಘವು, ಅಂದರೆ ನೀನಾಸಮ್, 1980ರಲ್ಲಿ ರಂಗಶಿಕ್ಷಣದ ಶಾಲೆಯನ್ನೂ 1985ರಲ್ಲಿ ನಾಡೆಲ್ಲ ಸುತ್ತುವ 'ತಿರುಗಾಟ'ವನ್ನೂ ಆರಂಭಿಸಿತು. ಅದನ್ನು ಕಟ್ಟಿ ಬೆಳೆಸಿದ ಕೆ. ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಿತು. ಇವೆಲ್ಲ ತಿಳಿದ ಸಂಗತಿಗಳೇ. ಅದೇ ಹೆಗ್ಗೋಡಿನ ನೆರೆಯ ಭೀಮನಕೋಣೆಯಲ್ಲಿ, ಕಳೆದ ಶತಮಾನದ ಕೊನೆಯ ದಶಕದಲ್ಲಿ, ನಾಟಕ ನಿರ್ದೇಶಕರಾದ ಪ್ರಸನ್ನ ಅವರ ಮುಂದಾಳುತನದಲ್ಲಿ 'ಚರಕ'ವೆಂಬ ಮಹಿಳೆಯರ ಸಹಕಾರ ಸಂಘವೊಂದು ಹುಟ್ಟಿಕೊಂಡಿತು. ನನ್ನ ಮನಸ್ಸನ್ನು ಹೆಚ್ಚಾಗಿ ಹಿಡಿದುದು ಅದು. ಅಲ್ಲಿ ಹತ್ತಿಯ ನೂಲಿಗೆ ಕಟ್ಟುವ ಬಣ್ಣಗಳಲ್ಲಿ ನಮ್ಮ ಹಿತ್ತಿಲ ಗುಂಡಿಯ ಚೊಗರೂ ಒಂದು! ಚೊಗರಿನ ಒಗರು ನೂಲನ್ನು ಹಿಡಿದು ಕೆಂಗಂದಾಗುತ್ತದೆ. ಕಬ್ಬಿಣದ ಅಂಶ ತಗುಲಿದರೆ ಅದೇ ಒಗರು ಕಪ್ಪಿಗೆ ತಿರುಗುತ್ತದೆ. ಬಣ್ಣ ಕಟ್ಟುವವರೂ ನೇಯುವವರೂ ಹೊಲಿಯುವವರೂ ಬಹುಮಟ್ಟಿಗೆ ಸುತ್ತಲಿನ ಹಳ್ಳಿಗಳ ಹೆಂಗಸರೇ. ಹಾಗೆ ಸಿದ್ಧವಾದ ಉಡುಪು 'ದೇಸಿ' ಅಂಗಡಿಗಳ ಮೂಲಕ ಪಟ್ಟಣಗಳನ್ನು ಸೇರುತ್ತಿತ್ತು.

ಇಂಥದನ್ನು ಈಗಿನವರು ಸಾಂಸ್ಕೃತಿಕ ಉದ್ಯಮವೆನ್ನುತ್ತಾರೆ. ಉದ್ಯಮವೆಂಬ ಮಾತು ಕಿವಿಗೆ ಬಿದ್ದೊಡನೆ ನಮಗೆ ಹೊಗೆಯ ಕೊಳವೆಯೂ ಲಾಭದ ಲೆಕ್ಕವೂ ನೆನಪಾಗುತ್ತವೆ. ಶಬ್ದದ ಮೂಲಾರ್ಥವಾದರೋ ಬರಿಯ ಪ್ರಯತ್ನ. ಊರಿಗೆ ಹೊರಗಿನಿಂದ ಏನನ್ನೋ ತಂದು ಹಾಕಿ ಉದ್ಧಾರ ಮಾಡುತ್ತೇವೆನ್ನುವವರನ್ನು ಬಹಳ ಕಂಡಿದ್ದೇನೆ. ಊರಿನವರು ಎಸೆಯುವುದನ್ನು ಎತ್ತಿಕೊಂಡು, ಅದಕ್ಕೆ ಬೆಲೆಯುಂಟೆಂದು ಊರಿಗೇ ತೋರಿಸಿಕೊಟ್ಟವರು ವಿರಳ. ನಾಟಕದವರ ಕಣ್ಣಿಗೆ ಅದು ಬಿದ್ದುದು ಆಶ್ಚರ್ಯವಲ್ಲ; ಹಳೆಯ ಸೀರೆಯನ್ನು ಅರಮನೆಯ ಪರದೆ ಮಾಡುವುದು ಅವರ ನಿತ್ಯದ ಕೆಲಸವಷ್ಟೆ.

ಇನ್ನು ನನ್ನದೊಂದು ತಪ್ಪೊಪ್ಪಿಗೆ. ಈ ಕಾರ್ಯವನ್ನು ನಾನು ಮೂರು ನಾಲ್ಕು ಸಭೆಗಳಲ್ಲಿ ಹೊಗಳಿ ಮಾತನಾಡಿದ್ದೇನೆ, ಚಪ್ಪಾಳೆಯನ್ನೂ ಗಿಟ್ಟಿಸಿದ್ದೇನೆ. ಆದರೆ ಅಂಗಡಿಯಲ್ಲಿ ಜುಬ್ಬದ ಬೆಲೆ ಕೇಳಿ, ಗಿರಣಿಯ ಬಟ್ಟೆ ಇದರರ್ಧಕ್ಕೆ ಸಿಕ್ಕೀತೆಂದು ಮನಸ್ಸಿನಲ್ಲಿಯೇ ಲೆಕ್ಕ ಹಾಕಿ, ಬರಿಗೈಯಲ್ಲಿ ಹಿಂದಿರುಗಿದ್ದೇನೆ. ಒಮ್ಮೆಯಲ್ಲ, ಹಲವು ಸಲ. ಕೈಯಿಂದ ಕಟ್ಟಿದ ಬಣ್ಣಕ್ಕೂ ಕೈಯಿಂದ ನೇಯ್ದ ಗಜಕ್ಕೂ ಎಷ್ಟು ಹೊತ್ತು ಹಿಡಿಯುವುದೆಂಬುದು ನನಗೆ ತಿಳಿಯದುದೇನಲ್ಲ. 2020ರಲ್ಲಿ, ಪಿಡುಗಿನ ದೆಸೆಯಿಂದ ನಾಡಿನ ಕೈಮಗ್ಗದ ಬಟ್ಟೆ ಬಿಕರಿಯಾಗದೆ ರಾಶಿಬಿದ್ದಿದ್ದ ಕಾಲದಲ್ಲಿ, ಚರಕವು ತಾನು ದಿವಾಳಿಯಾಗಿರುವೆನೆಂದು ಬಹಿರಂಗವಾಗಿ ಸಾರಿತು. ಪತ್ರಿಕೆಯಲ್ಲಿ ಅದನ್ನೋದಿದ ದಿನ ನನ್ನ ಭಾಷಣಗಳೆಲ್ಲ ನೆನಪಾದವು. ಕಾರಣಗಳು ಹಲವಿದ್ದಾವು; ಕೊಳ್ಳದೆ ಹೊಗಳಿದ ನನ್ನಂಥವರು ಅವುಗಳಲ್ಲಿ ಒಂದಲ್ಲವೆಂದು ಹೇಗೆ ಹೇಳಲಿ?

ಆಮೇಲೆ ಚೊಗರಿನ ಬಣ್ಣದ ಜುಬ್ಬವೊಂದನ್ನು ಚೌಕಾಸಿ ಮಾಡದೆ ಕೊಂಡು ತಂದೆ. ಅದನ್ನುಟ್ಟುಕೊಂಡು ಊರಿಗೆ ಹೋದಾಗ, ವರ್ಷಗಟ್ಟಲೆ ಅಡಕೆ ಸುಲಿದ ನನ್ನ ಅಕ್ಕ ತೋಳಿನ ಬಟ್ಟೆಯನ್ನು ಹಿಡಿದು ಮೂಸಿ ನೋಡಿದಳು.

"ಇದು ನಮ್ಮ ಚೊಗರಲ್ಲವೇನೋ, ತಮ್ಮಾ?" ಎಂದಳು.

ಹೌದೆಂದೆ. ಬೆಲೆ ಕೇಳಿದಳು, ಹೇಳಿದೆ. ನಗುವಳೆಂದು ಎಣಿಸಿದ್ದೆ. ಆಕೆ ನಗಲಿಲ್ಲ. ತನ್ನ ಅಂಗೈಗಳನ್ನು ದೀಪಕ್ಕೆ ಹಿಡಿದು, ಎರಡನ್ನೂ ತಿರುವಿ ತಿರುವಿ ನೋಡಿಕೊಂಡು, "ಅಮ್ಮ ಇರಬೇಕಿತ್ತು" ಎಂದಳು.