ಲ್ಯಾಟಿನ್ ಕ್ವಾರ್ಟರ್‌ನ ವಿದ್ಯಾರ್ಥಿಗಳು ನಮಗೆ ಕೊಟ್ಟದ್ದು



ಲೂರ್ದಿನ ಯಾತ್ರೆ ಮುಗಿಸಿ ಊರಿಗೆ ಮರಳುವ ಮುನ್ನ ನಮಗೆ ಪ್ಯಾರಿಸ್‌ನಲ್ಲಿ ಒಂದು ದಿನ ಸಿಕ್ಕಿತು. ಆ ದಿನವನ್ನು ನಾವು ಸೇನ್ ನದಿಯ ಎಡದಂಡೆಯಲ್ಲಿರುವ ಲ್ಯಾಟಿನ್ ಕ್ವಾರ್ಟರ್‌ನಲ್ಲಿ ನಡೆದೇ ಕಳೆದೆವು. ಹಿಂದೆ ಇಲ್ಲಿನ ಪಾಠಗಳೆಲ್ಲ ಲ್ಯಾಟಿನ್ ಭಾಷೆಯಲ್ಲಿ ನಡೆಯುತ್ತಿದ್ದುದರಿಂದ ಆ ಹೆಸರು ಬಂತು. 1257ರ ಸುಮಾರಿಗೆ ರೋಬೆರ್ ದ ಸೋರ್ಬೋನ್ ಎಂಬ ಗುರುಗಳು ದೇವಶಾಸ್ತ್ರ ಕಲಿಯುವ ಬಡ ವಿದ್ಯಾರ್ಥಿಗಳಿಗಾಗಿ ಇಲ್ಲಿ ಕಾಲೇಜೊಂದನ್ನು ತೆರೆದರು. ಅದೇ ಮುಂದೆ ಸೋರ್ಬೋನ್ ಎಂದು ಹೆಸರಾಯಿತು. ಸಂತ ಥಾಮಸ್ ಅಕ್ವಿನಾಸರೂ ಈ ಭಾಗದಲ್ಲಿ ಪಾಠ ಹೇಳಿದವರು.

ಇದು ಪುಸ್ತಕಗಳ ಕೇರಿಯೂ ಹೌದು. ನದಿಯ ಕಟ್ಟೆಯುದ್ದಕ್ಕೂ ಹಸಿರು ಪೆಟ್ಟಿಗೆಗಳಲ್ಲಿ ಹಳೆಯ ಪುಸ್ತಕ ಮಾರುತ್ತಾರೆ. ನೋತ್ರ್ ದಾಮ್ ಮಹಾದೇವಾಲಯದ ಎದುರು ದಂಡೆಯಲ್ಲಿ ‘ಶೇಕ್ಸ್‌ಪಿಯರ್ ಆ್ಯಂಡ್ ಕಂಪನಿ’ ಎಂಬ ಪುಸ್ತಕದಂಗಡಿ 1951ರಿಂದ ಇದೆ. ಗುಡ್ಡದ ಮೇಲಿನ ಪ್ಯಾಂಥಿಯನ್‌ನಲ್ಲಿ ವಿಕ್ಟರ್ ಹ್ಯೂಗೋ ಸಮಾಧಿ, ಪಕ್ಕದ ಸಂತ ಎತಿಯೆನ್ ದೇವಾಲಯದಲ್ಲಿ ಪಾಸ್ಕಲ್ ಮತ್ತು ರಾಸೀನ್ ಸಮಾಧಿ.

ಪ್ಯಾಂಥಿಯನ್ ಬದಿಯಲ್ಲೇ ಸಾಂತ್ ಬಾರ್ಬ್ ಕಾಲೇಜಿದ್ದ ಜಾಗವಿದೆ. ಈಗ ಅಲ್ಲಿ ವಿದ್ಯಾರ್ಥಿಗಳ ಗ್ರಂಥಾಲಯ. ಸುಮಾರು ಐನೂರು ವರ್ಷಗಳ ಹಿಂದೆ ಈ ಕಾಲೇಜಿನಲ್ಲಿ ಪೀಟರ್ ಫೇಬರ್ ಮತ್ತು ಫ್ರಾನ್ಸಿಸ್ ಝೇವಿಯರ್ ಒಂದೇ ಕೋಣೆಯಲ್ಲಿದ್ದರು. 1529ರಲ್ಲಿ ಅವರ ಜೊತೆ ಸೇರಿದವರು ಇಗ್ನೇಷಿಯಸ್ ಲೊಯೋಲ. ಫೇಬರ್ ಅವರಿಗೆ ಪಾಠದಲ್ಲಿ ನೆರವಾದರು, ಇಗ್ನೇಷಿಯಸ್ ಫೇಬರ್‌ಗೆ ಪ್ರಾರ್ಥನೆಯಲ್ಲಿ ದಾರಿ ತೋರಿದರು. ದೊಡ್ಡ ಹುದ್ದೆಯ ಆಸೆಯಲ್ಲಿದ್ದ ಝೇವಿಯರ್ ಮಾತ್ರ ಬೇಗ ಬಗ್ಗಲಿಲ್ಲ. 1534ರ ಆಗಸ್ಟ್ 15ರಂದು ಮೋಂಮಾರ್ತ್ರ್ ಗುಡ್ಡದಲ್ಲಿ ಏಳು ಗೆಳೆಯರು ವ್ರತ ತೊಟ್ಟಾಗ ಅವರೂ ಇದ್ದರು. 1542ರಲ್ಲಿ ಅವರು ಗೋವಾದಲ್ಲಿ ಇಳಿದರು. ಹಳೇ ಗೋವಾಕ್ಕೆ ಹೋಗಿ ನಾವು ಕೈಮುಗಿಯುವ ಆ ಸಂತರು ಒಂದು ಕಾಲದಲ್ಲಿ ಇಲ್ಲಿನ ಹಾಸ್ಟೆಲ್ ಹುಡುಗ!

ಅವರಿಗಿಂತ ಮುನ್ನೂರು ವರ್ಷ ಈಚೆಗೆ, 1831ರಲ್ಲಿ, ಫ್ರೆಡರಿಕ್ ಓಝಾನಾಮ್ ಎಂಬ ಹುಡುಗ ಕಾನೂನು ಓದಲು ಲಿಯೋನ್‌ನಿಂದ ಇಲ್ಲಿಗೆ ಬಂದ. ಪ್ರಾಧ್ಯಾಪಕರಲ್ಲೂ ಸಹಪಾಠಿಗಳಲ್ಲೂ ಚರ್ಚನ್ನು ಹಗುರವಾಗಿ ಕಾಣುವವರು ಬಹಳ. ಅವನಿಗೆ ಮನೆಯಲ್ಲಿ ಜಾಗ ಕೊಟ್ಟವರು ವಿಜ್ಞಾನಿ ಆಂಪಿಯರ್. ನಾವು ಶಾಲೆಯಲ್ಲಿ ವಿದ್ಯುತ್ ಅಳೆಯಲು ಕಲಿತ ಅದೇ ಹೆಸರು! ಅಷ್ಟು ದೊಡ್ಡ ವಿದ್ವಾಂಸರು ಸಂತ ಎತಿಯೆನ್ ದೇವಾಲಯದ ಮೂಲೆಯಲ್ಲಿ ಮೊಣಕಾಲೂರಿದ್ದನ್ನು ಕಂಡು ಓಝಾನಾಮನ ವಿಶ್ವಾಸ ಗಟ್ಟಿಯಾಯಿತು ಎಂದು ಹೇಳುತ್ತಾರೆ.

ಓಝಾನಾಮ್ ಚರ್ಚಾಕೂಟಗಳಲ್ಲಿ ಚೆನ್ನಾಗಿ ವಾದಿಸುತ್ತಿದ್ದ. ಒಮ್ಮೆ ಎದುರಾಳಿಯೊಬ್ಬ ಕೇಳಿದ: ನಿಮ್ಮ ಚರ್ಚು ಹಿಂದೆ ಒಳ್ಳೆಯದು ಮಾಡಿರಬಹುದು, ಆದರೆ ನೀವು ಈಗ ಏನು ಮಾಡುತ್ತಿದ್ದೀರಿ? ಇದಕ್ಕೆ ಬಾಯಿಮಾತಿನ ಉತ್ತರ ಸಾಲದೆಂದು ಅವನಿಗೆ ಗೊತ್ತಾಯಿತು. 1833ರ ಏಪ್ರಿಲ್ 23ರಂದು ಆರು ವಿದ್ಯಾರ್ಥಿಗಳು, ಎಮಾನ್ಯುಯೆಲ್ ಬಾಯಿ ಎಂಬ ಹಿರಿಯರ ಜೊತೆ ಸೇರಿದರು. ಅಂದು ಓಝಾನಾಮನಿಗೆ ಭರ್ತಿ 20 ವರ್ಷ. ಮೂಫ್ತಾರ್ ಬೀದಿಯ ಸುತ್ತಲಿನ ಬಡವರ ನಡುವೆ ದುಡಿಯುತ್ತಿದ್ದ ಸಿಸ್ಟರ್ ರೊಸಾಲಿ ರಾಂದ್ಯು ಅವರಿಗೆ ಮನೆಗಳನ್ನು ತೋರಿಸಿಕೊಟ್ಟರು, ಬಡವರ ಮನೆಗೆ ಹೇಗೆ ಹೋಗಬೇಕೆಂಬುದನ್ನೂ ಕಲಿಸಿದರು. ಹೀಗೆ ಹುಟ್ಟಿದ್ದೇ ಸಂತ ವಿನ್ಸೆಂಟ್ ಡಿ ಪಾವ್ಲ್ ಸಭೆ. ಓಝಾನಾಮ್ ಮುಂದೆ ಸೋರ್ಬೋನ್‌ನಲ್ಲಿ ಸಾಹಿತ್ಯದ ಪ್ರಾಧ್ಯಾಪಕರಾದರು. 1997ರಲ್ಲಿ ಪ್ಯಾರಿಸ್‌ನ ವಿಶ್ವ ಯುವ ದಿನದ ಹೊತ್ತಿಗೆ ಪೋಪ್ ಎರಡನೇ ಜಾನ್ ಪಾಲ್ ಅವರನ್ನು ಧನ್ಯರೆಂದು ಸಾರಿದರು.

ಆ ಸಭೆ ನಮ್ಮ ಧರ್ಮಕೇಂದ್ರದಲ್ಲೂ ಇದೆ. ಅದು ವಯಸ್ಸಾದವರ ಕೂಟ ಎಂದು ನಾವೆಲ್ಲ ತಿಳಿದಿದ್ದೆವು. ಅದನ್ನು ಕಟ್ಟಿದವರು ನಮ್ಮ ವಯಸ್ಸಿನ ಕಾಲೇಜು ಹುಡುಗರು ಎಂದು ಮೂಫ್ತಾರ್ ಬೀದಿಯಲ್ಲಿ ನಿಂತು ಮಾತಾಡಿಕೊಂಡಾಗ ಸ್ವಲ್ಪ ಹೊತ್ತು ಯಾರೂ ಏನೂ ಹೇಳಲಿಲ್ಲ.

ಪ್ಲಸ್ ಟು ಮುಗಿದ ಮೇಲೆ ನಮ್ಮಲ್ಲಿ ಹೆಚ್ಚಿನವರು ಮಂಗಳೂರಿಗೋ ಬೆಂಗಳೂರಿಗೋ ಹೋಗುತ್ತಾರೆ. ಹಾಸ್ಟೆಲ್ ಸೇರಿದ ಮಕ್ಕಳು ಪೂಜೆ ಬಿಟ್ಟುಬಿಡುತ್ತಾರೆ ಎಂಬ ಚಿಂತೆ ಅಪ್ಪ ಅಮ್ಮಂದಿರಿಗೆ. ಅದು ಸುಳ್ಳಲ್ಲ. ಆದರೆ ಝೇವಿಯರರನ್ನು ಬದಲಿಸಿದ್ದೂ ಓಝಾನಾಮರನ್ನು ಗಟ್ಟಿಮಾಡಿದ್ದೂ ಮನೆಯಿಂದ ದೂರದ ಓದಿನ ದಿನಗಳೇ. ಒಬ್ಬರಿಗೆ ಒಳ್ಳೆಯ ಕೋಣೆಗೆಳೆಯರು ಸಿಕ್ಕಿದರು. ಇನ್ನೊಬ್ಬರು ತಗಾದೆ ತೆಗೆದವನ ಪ್ರಶ್ನೆಗೆ ಕೋಪಿಸಿಕೊಳ್ಳದೆ ಬಡವರ ಮನೆ ಹುಡುಕಿಕೊಂಡು ಹೋದರು.

ಈ ಜೂನ್‌ನಲ್ಲಿ ಪೆಟ್ಟಿಗೆ ಕಟ್ಟುವ ತಮ್ಮ ತಂಗಿಯರೇ, ಹೋದ ಊರಿನಲ್ಲಿ ಮೊದಲ ವಾರವೇ ಹತ್ತಿರದ ಚರ್ಚನ್ನು ಕೇಳಿ ತಿಳಿದುಕೊಳ್ಳಿ, ಜೊತೆಗೆ ಬರುವ ಒಬ್ಬ ಗೆಳೆಯನನ್ನೋ ಗೆಳತಿಯನ್ನೋ ಹುಡುಕಿಕೊಳ್ಳಿ. ಊರಲ್ಲೇ ಉಳಿಯುವ ನಾವು ವಿನ್ಸೆಂಟ್ ಡಿ ಪಾವ್ಲ್ ಸಭೆಯ ಹಿರಿಯರ ಜೊತೆ ಮನೆ ಭೇಟಿಗೆ ಹೋಗುವುದೆಂದು ನಿಶ್ಚಯಿಸಿದ್ದೇವೆ. ಬರುವವರು ಪೂಜೆಯ ನಂತರ ನಮ್ಮನ್ನು ಕಾಣಿರಿ.