ನಾನೂ ನೀರಿನ ಯಂತ್ರವೂ

ನಮ್ಮ ಸಂಪಾದಕ ಸಮಿತಿಯ ಗೆಳೆಯರು ಈ ಸಲ ನನ್ನನ್ನು ಹಿಡಿದು ನಿಲ್ಲಿಸಿ, "ನೀನೂ ಏನಾದರೂ ಬರೆದುಕೊಡಲೇಬೇಕು" ಎಂದು ಪಟ್ಟು ಹಿಡಿದಾಗ ನನಗೆ ಕೈಕಾಲೇ ಆಡಲಿಲ್ಲ. ಪ್ರವಾಸ ಕಥನ ಬರೆಯೋಣವೆಂದರೆ ಮುಳಬಾಗಿಲಿಗೂ ಬೆಂಗಳೂರಿಗೂ ನಡುವೆ ಕೆಂಪು ಬಸ್ಸಿನಲ್ಲಿ ಓಡಾಡಿದ್ದರ ಹೊರತು ಬೇರೆ ಪ್ರವಾಸ ಮಾಡಿದವನು ನಾನಲ್ಲ. ಕವಿತೆ ಬರೆಯೋಣವೆಂದರೆ ಪ್ರಾಸ ಸಿಕ್ಕಿದ ಕಡೆ ಅರ್ಥ ಕೈಕೊಡುತ್ತದೆ. ಕಡೆಗೆ, ನನಗೆ ಗೊತ್ತಿರುವ ಒಂದೇ ವಿದ್ಯೆಯನ್ನು ಕುರಿತು ಬರೆಯುವುದೆಂದು ನಿಶ್ಚಯಿಸಿದೆ. ಅದು ಯಾವುದೆಂದರೆ, ಅಪಾರ್ಟ್‌ಮೆಂಟುಗಳ ಅಡಿಗೆಮನೆಯ ಗೋಡೆಗೆ ನೀರು ಶುದ್ಧಿಮಾಡುವ ಯಂತ್ರವನ್ನು ಕೂರಿಸುವುದು. ಕನ್ನಡದ ಮೇಷ್ಟ್ರು ಇದನ್ನು ಓದಿ ಮುಗುಳ್ನಗುತ್ತಾರೆಂದು ಬಲ್ಲೆ. ಶನಿವಾರದ ಮೂರನೆಯ ಪೀರಿಯಡ್ಡಿನಲ್ಲಿ ನಾನು ತೂಕಡಿಸುತ್ತಿದ್ದುದು ಏಕೆಂಬುದು ಅವರಿಗೂ ಈಗಲಾದರೂ ತಿಳಿಯಲಿ.

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಅಪ್ಪ ಏಳನೆಯ ತರಗತಿಯವರೆಗೆ ಓದಿ ನಿಲ್ಲಿಸಿದವರು. ಅಮ್ಮನಿಗೆ ರುಜು ಹಾಕಲು ಬರುತ್ತದೆ, ಅಷ್ಟೆ. ಎರಡು ಹಸು, ಒಂದಷ್ಟು ಟೊಮ್ಯಾಟೊ, ಮಳೆ ಬಂದರೆ ರಾಗಿ. ಇದರಲ್ಲಿ ಹಾಸ್ಟೆಲಿಗೆ ಸೇರಿದ ಮಗನಿಗೆ ಕೈಖರ್ಚು ಕಳಿಸಿ ಎನ್ನುವುದು ಯಾವ ನ್ಯಾಯ? ಹೀಗಾಗಿ ಮೊದಲನೆಯ ವರ್ಷದ ಬೇಸಿಗೆ ರಜೆಯಲ್ಲಿ ಒಬ್ಬ ಮೇಸ್ತ್ರಿಯ ಹಿಂದೆ ಚೀಲ ಹೊರಲು ಸೇರಿದೆ. ಚೀಲದಲ್ಲಿ ಡ್ರಿಲ್ ಯಂತ್ರ, ಸ್ಪ್ಯಾನರುಗಳು, ಬಿಳಿ ಟೇಪು, ಕೊಳವೆಯ ಸುರುಳಿ. ಮೇಸ್ತ್ರಿಗೆ ಓದು ಬರದು, ಆದರೆ ಗೋಡೆಯ ಮೇಲೆ ಬೆರಳಿನಿಂದ ತಟ್ಟಿಯೇ ಒಳಗೆ ಪೈಪು ಎಲ್ಲಿ ಹೋಗಿದೆಯೆಂದು ಹೇಳಬಲ್ಲ. ನನಗೆ ಆ ವಿದ್ಯೆ ಬರುವ ಮೊದಲೇ ಡ್ರಿಲ್ ಕೈಗೆ ಬಂತು. ಜಯನಗರದ ಕಡೆಯ ಒಂದು ಮನೆಯಲ್ಲಿ ನಾನು ಕೊರೆದ ಮೊತ್ತಮೊದಲ ತೂತಿನಿಂದ ನೀರು ಚಿಲುಮೆಯಂತೆ ಚಿಮ್ಮಿ, ಮನೆಯೊಡತಿಯ ಹಪ್ಪಳದ ಡಬ್ಬಿಯನ್ನು ತುಂಬಿತು. ಆ ದಿನದ ಕೂಲಿ ಆ ಹಪ್ಪಳಕ್ಕೆ ಸಮವಾಯಿತೆಂದು ಮೇಸ್ತ್ರಿ ಲೆಕ್ಕ ಹೇಳಿದ.

ಇನ್ನು ಯಂತ್ರದ ವಿಷಯ. ಹೊರಗಿನಿಂದ ನೋಡಿದರೆ ಹೊಳೆಯುವ ಪೆಟ್ಟಿಗೆ. ಮುಚ್ಚಳ ತೆಗೆದರೆ ನಮ್ಮೂರಿನ ಜರಡಿಗಳ ಅಣ್ಣತಮ್ಮಂದಿರು. ಮೊದಲನೆಯ ಜರಡಿ ಹತ್ತಿಯ ದಿಂಡಿನಂಥದು. ಐದು ಮೈಕ್ರಾನಿಗಿಂತ ದಪ್ಪವಾದ ಕೆಸರು, ತುಕ್ಕುಗಳನ್ನು ಹಿಡಿಯುತ್ತದೆ. ಎರಡನೆಯದು ಇದ್ದಿಲು, ಇದು ಕ್ಲೋರೀನನ್ನು ನುಂಗುತ್ತದೆ. ನುಂಗದಿದ್ದರೆ ಅದರ ಮುಂದಿರುವ ಪೊರೆ ಹಾಳಾಗುತ್ತದೆ. ಆ ಪೊರೆಯೇ ಯಂತ್ರದ ಜೀವ. ಒಣದ್ರಾಕ್ಷಿಯನ್ನು ನೀರಿನಲ್ಲಿ ಹಾಕಿದರೆ ಅದು ಉಬ್ಬುವುದನ್ನು ನಾವೆಲ್ಲರೂ ನೋಡಿದ್ದೇವೆ. ತಿಳಿನೀರು ಸಿಪ್ಪೆಯನ್ನು ದಾಟಿ ಒಳಗಿನ ಸಕ್ಕರೆಯ ಕಡೆಗೆ ಹೋಗುತ್ತದೆ. ಅದು ನೀರಿನ ಸಹಜ ಗುಣ. ಈ ಯಂತ್ರದಲ್ಲಿ ಒಂದು ಪಂಪು ಉಪ್ಪಿನ ನೀರನ್ನು ಒತ್ತಿ ಹಿಡಿದು, ಅದರ ಸಹಜ ಗುಣವನ್ನು ತಿರುಗಾಮುರುಗಾ ಮಾಡಿ, ತಿಳಿನೀರನ್ನು ಪೊರೆಯ ಆಚೆಗೆ ಹಿಂಡುತ್ತದೆ. ನೀರಿಗೂ ಮನುಷ್ಯನಂತೆಯೇ ಒತ್ತಡ ಬಿದ್ದಾಗ ಮಾತ್ರ ಸನ್ನಡತೆ! ಇಂಥ ಪೊರೆಯನ್ನು ಬಳಕೆಗೆ ಬರುವಂತೆ ಮಾಡಿದ ಇಬ್ಬರಲ್ಲಿ ಒಬ್ಬರು ನಮ್ಮ ದೇಶದಲ್ಲಿ ಹುಟ್ಟಿದ ಶ್ರೀನಿವಾಸ ಸೌರಿರಾಜನ್. 1950ರ ದಶಕದ ಕೊನೆಯಲ್ಲಿ ಕ್ಯಾಲಿಫೋರ್ನಿಯಾದ ವಿಶ್ವವಿದ್ಯಾನಿಲಯದಲ್ಲಿ ಸಿಡ್ನಿ ಲೋಬ್ ಎಂಬವರ ಜತೆಯಲ್ಲಿ ಅವರು ಇದನ್ನು ಸಾಧಿಸಿದರು. ಉದ್ದೇಶ ಸಮುದ್ರದ ಉಪ್ಪುನೀರನ್ನು ಸಿಹಿ ಮಾಡುವುದು. ಅದು ಮುಂದೊಂದು ದಿನ ಕಾವೇರಿ ನೀರನ್ನೂ ಸೋಸಲು ಕೂರುತ್ತದೆಂದು ಅವರು ನೆನೆಸಿರಲಾರರು.

ಒಂದು ಮಾತನ್ನು ಯಂತ್ರ ಮಾರುವವರು ಮೆಲ್ಲಗೆ ಹೇಳುತ್ತಾರೆ, ಇಲ್ಲವೇ ಹೇಳುವುದೇ ಇಲ್ಲ. ಮನೆಗಳಲ್ಲಿ ಕೂರಿಸುವ ಯಂತ್ರ ಒಂದು ಲೀಟರು ಕುಡಿಯುವ ನೀರು ಕೊಡಬೇಕಾದರೆ ಸಾಮಾನ್ಯವಾಗಿ ಮೂರು ಲೀಟರನ್ನು ಹೊರಗೆ ಬಿಡುತ್ತದೆ. ಅದಕ್ಕೊಂದು ಸಣ್ಣ ಕೊಳವೆ ಇರುತ್ತದೆ. ಅದರ ತುದಿಯನ್ನು ಸಿಂಕಿನೊಳಗೆ ತೂರಿಸುವುದು ನನ್ನ ಕೆಲಸ. ಮೊದಲನೆಯ ಸಲ ಅದನ್ನು ಕಂಡಾಗ, ಎಲ್ಲಿಯೋ ತಪ್ಪು ಜೋಡಿಸಿದ್ದೇನೆಂದು ಹೆದರಿ ಮೇಸ್ತ್ರಿಯನ್ನು ಕೂಗಿದೆ. "ಅದು ಹಂಗೇ ಹೋಗೋದು, ಸುಮ್ನಿರು" ಎಂದ. ಎರಡು ಬಿಂದಿಗೆ ನೀರಿಗೆ ಅಮ್ಮ ಎಷ್ಟು ಹೊತ್ತು ನಿಲ್ಲುತ್ತಾಳೆಂಬುದನ್ನು ಕಂಡವನಿಗೆ ಸುಮ್ಮನಿರುವುದು ಸುಲಭವಲ್ಲ, ಆದರೂ ಸುಮ್ಮನಿದ್ದೆ.

ಯಂತ್ರವೇ ಬೇಡವೆಂದು ನಾನು ಹೇಳುತ್ತಿಲ್ಲ. ಊರಂಚಿನ ಬಡಾವಣೆಗಳಲ್ಲಿ ಕೊಳವೆಬಾವಿಯದೋ ಟ್ಯಾಂಕರಿನದೋ ನೀರು. ನಮ್ಮ ಚೀಲದಲ್ಲಿ ಪೆನ್ನಿನಂಥ ಒಂದು ಮೀಟರು ಇರುತ್ತದೆ; ಅದನ್ನು ಲೋಟದಲ್ಲಿ ಅದ್ದಿದರೆ ನೀರಿನಲ್ಲಿ ಕರಗಿರುವ ಲವಣವೆಷ್ಟೆಂದು ಅಂದಾಜು ತೋರಿಸುತ್ತದೆ. ಲೀಟರಿಗೆ 500 ಮಿಲಿಗ್ರಾಂವರೆಗೆ ಒಳ್ಳೆಯದೆಂದು ನಮ್ಮ ದೇಶದ ಮಾನಕ. ಕೊಳವೆಬಾವಿಯ ಮನೆಗಳಲ್ಲಿ ನಾನು 1,100 ಕಂಡಿದ್ದೇನೆ; ಅಲ್ಲಿ ಬೇಳೆ ಬೇಯುವುದಿಲ್ಲ, ನಲ್ಲಿಗಳ ಮೇಲೆ ಸುಣ್ಣದ ಹುತ್ತ. ಅಂಥವರಿಗೆ ಯಂತ್ರ ಬೇಕು. ಆದರೆ ಕಾವೇರಿ ನೀರು ಬರುವ ಮನೆಗಳಲ್ಲಿ ನಮ್ಮ ಮೀಟರು 200ರ ಆಚೆಗೆ ಹೋದದ್ದನ್ನು ನಾನು ಕಂಡಿಲ್ಲ. ಅಂಥ ನೀರಿಗೆ ಕುದಿಸುವುದೋ, ಕ್ರಿಮಿಗಳನ್ನು ಕೊಲ್ಲುವ ನೇರಳಾತೀತ ದೀಪದ ಸಣ್ಣ ಯಂತ್ರವೋ ಸಾಕು. 500ಕ್ಕಿಂತ ಕಡಿಮೆ ಇರುವ ಕಡೆ ಈ ಪೊರೆಯ ಯಂತ್ರ ಬೇಡವೆಂದು 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣವೂ ಹೇಳಿತ್ತು. ನಾನು ಅದನ್ನು ಪತ್ರಿಕೆಯಲ್ಲಿ ಓದಿದ್ದೆ. ಓದಿಯೂ ಮಾಡಿದ ಕೆಲಸವನ್ನು ಈಗ ಹೇಳಬೇಕು.

ಅದಕ್ಕೆ ಮುಂಚೆ ನನ್ನ ಹಲ್ಲುಗಳ ವಿಷಯ ಹೇಳುವುದು ಅಗತ್ಯ. ಗ್ರೂಪ್ ಫೋಟೋದಲ್ಲಿ ನಾನೊಬ್ಬನೇ ಬಾಯಿ ಬಿಗಿದುಕೊಂಡು ನಿಂತಿರುವುದನ್ನು ನೀವು ಗಮನಿಸಿರಬಹುದು. ನನ್ನ ಮುಂದಿನ ಹಲ್ಲುಗಳ ಮೇಲೆ ಕಂದು ಬಣ್ಣದ ಪಟ್ಟೆಗಳಿವೆ. ನಮ್ಮ ಓಣಿಯ ಹುಡುಗರೆಲ್ಲರಿಗೂ ಇವೆ. ನಮ್ಮ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡು ಹೆಚ್ಚು. ಪರೀಕ್ಷೆ ಮಾಡಿಸಿದಾಗ ಲೀಟರಿಗೆ 2.4 ಮಿಲಿಗ್ರಾಂ ಬಂದಿತ್ತು. 1ರ ಒಳಗಿರಬೇಕು, ಗತಿಯಿಲ್ಲದಿದ್ದರೆ 1.5. ಎಳೆಯ ವಯಸ್ಸಿನಲ್ಲಿ ಹಲ್ಲು ಒಸಡಿನೊಳಗೆ ರೂಪುಗೊಳ್ಳುವಾಗಲೇ ಈ ಕಲೆ ಹತ್ತುತ್ತದೆ. ಆಮೇಲೆ ಎಷ್ಟು ಉಜ್ಜಿದರೂ ಹೋಗದು. ವರ್ಷಾನುವರ್ಷ ಕುಡಿದವರಿಗೆ ಮೂಳೆಗೂ ಇಳಿಯುತ್ತದೆ. ನಮ್ಮ ಅಜ್ಜಿ ಬೆನ್ನು ನೆಟ್ಟಗೆ ಮಾಡಿ ಆಕಾಶ ನೋಡಿ ಹತ್ತು ವರ್ಷಗಳಾದುವು. ನೀರನ್ನು ಕುದಿಸಿ ಕುಡಿಯಿರಿ ಎಂದು ಊರಿಗೆ ಬಂದವರೆಲ್ಲ ಹೇಳುತ್ತಾರೆ. ಕುದಿಸಿದರೆ ಫ್ಲೋರೈಡು ಎಲ್ಲಿಗೆ ಹೋಗುತ್ತದೆ? ನೀರು ಆವಿಯಾದಷ್ಟೂ ಅದು ದಟ್ಟವಾಗುತ್ತದೆ. ನಮ್ಮ ಮೀಟರಿಗೂ ಇದು ಪ್ರತ್ಯೇಕವಾಗಿ ಕಾಣದು. ಒಟ್ಟು ಲವಣದಲ್ಲಿ ಅದೊಂದು ಚಿಟಿಕೆ.

ಹೋದ ವರ್ಷ ಒಂದು ಅಪಾರ್ಟ್‌ಮೆಂಟಿನ ಹನ್ನೊಂದನೆಯ ಅಂತಸ್ತಿಗೆ ಹೋಗಿದ್ದೆವು. ಅಲ್ಲಿದ್ದವರು ನಿವೃತ್ತರಾದ ಒಬ್ಬ ಉಪಾಧ್ಯಾಯಿನಿ. ಅವರ ಮನೆಗೆ ಕಾವೇರಿ ನೀರು; ಮೀಟರು 160 ತೋರಿಸಿತು. ಸಣ್ಣ ಯಂತ್ರ ಸಾಕೋ ದೊಡ್ಡದೇ ಬೇಕೋ ಎಂದು ಅವರು ತೂಗುತ್ತಿದ್ದರು. ನನ್ನ ಮುಖ ನೋಡಿ, "ಇಷ್ಟು ಚಿಕ್ಕ ವಯಸ್ಸಿಗೆ ಗುಟ್ಕಾ ಏಕಪ್ಪಾ?" ಎಂದರು. ನನಗೆ ಕಿವಿ ಬಿಸಿಯಾಯಿತು. "ಗುಟ್ಕಾ ಅಲ್ಲಮ್ಮಾ, ನೀರು" ಎಂದೆ. ಅವರ ಮುಖ ಬಿಳಿಚಿತು. ಮೊಮ್ಮಗಳು ಅಲ್ಲಿಯೇ ನೆಲದ ಮೇಲೆ ಚಿತ್ರ ಬರೆಯುತ್ತಿದ್ದಳು. "ಹಾಗಾದರೆ ಈ ನೀರಿನಿಂದಲೂ ಹೀಗೆ ಆಗುತ್ತದೆಯೇ?" ಎಂದು ಕೇಳಿದರು.

ಇಲ್ಲ ಎಂಬ ಎರಡಕ್ಷರ ನನ್ನ ಬಾಯಲ್ಲಿತ್ತು. ದೊಡ್ಡ ಯಂತ್ರ ಮಾರಿದರೆ ನನಗೆ 500 ರೂಪಾಯಿ, ಪರೀಕ್ಷೆಯ ಫೀಸಿಗೆ ಇನ್ನು ಮೂರು ದಿನ. "ಹೇಳೋಕಾಗಲ್ಲಮ್ಮಾ" ಎಂದೆ. ಅವರು ದೊಡ್ಡದನ್ನೇ ಕೊಂಡರು. ಕೆಳಗೆ ಇಳಿಯುವಾಗ ಲಿಫ್ಟಿನಲ್ಲಿ ಮೇಸ್ತ್ರಿ ಬೆನ್ನು ತಟ್ಟಿದ. ಅಂಗಡಿಯ ಯಜಮಾನರು ವಿಷಯ ತಿಳಿದು, ಇನ್ನು ಮೇಲೆ ಮನೆಗಳಿಗೆ ಹೋದಾಗ ಈ ಹುಡುಗನೇ ಮುಂದೆ ನಿಂತು ಮಾತಾಡಲಿ ಎಂದರಂತೆ. ಇಪ್ಪತ್ತು ವರ್ಷ ನಾನು ಮುಚ್ಚಿಟ್ಟುಕೊಂಡ ಹಲ್ಲಿಗೆ ಇಷ್ಟು ಬೆಲೆಯಿದೆಯೆಂದು ಅದುವರೆಗೆ ಗೊತ್ತಿರಲಿಲ್ಲ.

ದೀಪಾವಳಿಗೆ ಊರಿಗೆ ಹೋದಾಗ, ಯಾರೋ ಬದಲಾಯಿಸಿ ಬಿಟ್ಟ ಹಳೆಯ ಯಂತ್ರವೊಂದಕ್ಕೆ ಹೊಸ ಪೊರೆ ಹಾಕಿ ಹೊತ್ತುಕೊಂಡು ಹೋದೆ. ಊರಿನಲ್ಲಿ 5 ರೂಪಾಯಿ ನಾಣ್ಯಕ್ಕೆ 20 ಲೀಟರು ಕೊಡುವ ಶುದ್ಧ ನೀರಿನ ಘಟಕವಿದೆ. ಅದು ಕೆಟ್ಟರೆ ತಿಂಗಳುಗಟ್ಟಲೆ ಬಾಗಿಲು ಮುಚ್ಚಿರುತ್ತದೆ. ನಮ್ಮ ಮನೆಗೆ ಮೇಲಿನ ತೊಟ್ಟಿಯಿಲ್ಲ. ಕಲ್ಲಿನ ಕಂಬದ ಮೇಲೆ ಪ್ಲಾಸ್ಟಿಕ್ ಡ್ರಮ್ಮು ಏರಿಸಿ, ಅಮ್ಮ ಬಿಂದಿಗೆಯಿಂದ ತುಂಬಿ, ಕರೆಂಟು ಬಂದ ಹೊತ್ತಿಗೆ ಯಂತ್ರ ತಿರುಗಿತು. ಇಡೀ ಓಣಿ ನೋಡಲು ಬಂದಿತ್ತು. ಅಜ್ಜಿಗೆ ಮೊದಲ ಲೋಟ ಕೊಟ್ಟೆ. ಒಂದು ಗುಟುಕು ಕುಡಿದು, "ಇದೇನೋ ಸಪ್ಪೆ, ಜ್ವರ ಬಂದ ಬಾಯಂಗೈತೆ" ಎಂದು ಕೆಳಗಿಟ್ಟಳು. ಪೊರೆ ಫ್ಲೋರೈಡಿನ ಜತೆಗೆ ರುಚಿ ಕೊಡುವ ಲವಣಗಳನ್ನೂ ಹಿಡಿದಿಟ್ಟುಕೊಳ್ಳುತ್ತದೆಂದು ಅಜ್ಜಿಗೆ ಹೇಗೆ ವಿವರಿಸಲಿ?

ಎರಡು ದಿನದ ಮೇಲೆ ಕೊಟ್ಟಿಗೆಗೆ ಹೋಗಿ ನೋಡುತ್ತೇನೆ, ಯಂತ್ರ ಹೊರಗೆ ಬಿಟ್ಟ ನೀರನ್ನು ಅಮ್ಮ ಬಕೀಟಿನಲ್ಲಿ ಹಿಡಿದು ಹಸುವಿಗೆ ಕುಡಿಸುತ್ತಿದ್ದಾಳೆ! "ತಂದ ನೀರಲ್ಲಿ ಮುಕ್ಕಾಲು ಪಾಲು ಚೆಲ್ಲಾಕಾಗತ್ತಾ?" ಎಂದಳು. ನಾನು ಅಲ್ಲಿಯೇ ಬೆರಳಿನಲ್ಲಿ ಲೆಕ್ಕ ಹಾಕಿದೆ. ನಾಲ್ಕು ಲೀಟರಿನ ಫ್ಲೋರೈಡು ಮೂರು ಲೀಟರಿನಲ್ಲಿ ಸೇರಿದರೆ 2.4 ಇದ್ದದ್ದು 3ನ್ನು ದಾಟುತ್ತದೆ. ನಮ್ಮ ಹಲ್ಲಿನ ವಿಷವನ್ನು ದಟ್ಟಮಾಡಿ ಹಸುವಿಗೆ ಕೊಡುತ್ತಿದ್ದೆವು. ದನಗಳ ಹಲ್ಲು ಮೂಳೆಗಳಿಗೂ ಅದು ಬಿಡುವುದಿಲ್ಲ. ನಾನು ಬಕೀಟನ್ನು ಕಸಿದುಕೊಂಡದ್ದಕ್ಕೆ ಅಮ್ಮ ಆ ದಿನವೆಲ್ಲ ಮಾತಾಡಲಿಲ್ಲ. ಈಗ ಆ ನೀರು ನೆಲ ಸಾರಿಸಲು, ಪಾತ್ರೆಯ ಮೊದಲನೆಯ ತೊಳೆತಕ್ಕೆ. ಹಸುವಿಗೆ ಮೊದಲಿನ ನೀರೇ.

ಬೆಂಗಳೂರಿಗೆ ಹಿಂದಿರುಗುವ ಬಸ್ಸಿನಲ್ಲಿ, ನೀರು ತುಂಬಿದ ಒಂದು ಕೆರೆಯನ್ನು ಕಂಡೆ. ನಾನು ಚಿಕ್ಕವನಾಗಿದ್ದಾಗ ಅದರ ಅಂಗಳದಲ್ಲಿ ಜಾಲಿಮುಳ್ಳು ಬೆಳೆದಿತ್ತು. ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ, ಕೋರಮಂಗಲ-ಚಲ್ಲಘಟ್ಟ ಕಣಿವೆಯ ಯೋಜನೆಯಿಂದ 2018ರಿಂದ ನಮ್ಮ ಕೋಲಾರ ಜಿಲ್ಲೆಯ ಕೆರೆಗಳಿಗೆ ತುಂಬುತ್ತಿದ್ದಾರೆ, ಕುಡಿಯಲಿಕ್ಕಲ್ಲ, ಅಂತರ್ಜಲಕ್ಕೆ. ಅಂದರೆ, ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರು ದೂರ, ಅರ್ಧ ಕಿಲೋಮೀಟರಿನಷ್ಟು ಎತ್ತರಕ್ಕೆ ಪಂಪು ಮಾಡಿ ತಂದ ಕಾವೇರಿಯ ಮುಕ್ಕಾಲು ಪಾಲನ್ನು ನಾನು ಸಿಂಕಿಗೆ ತೂರಿಸುತ್ತೇನೆ. ಅದೇ ಮೋರಿ ಹಿಡಿದು, ತೊಳೆಸಿಕೊಂಡು, ನನಗಿಂತ ಮುಂಚೆ ಊರು ಸೇರುತ್ತದೆ. ಪಕ್ಕದಲ್ಲಿ ಕೂತಿದ್ದವರಿಗೆ ಇದನ್ನು ಹೇಳಿದೆ. ಅವರು ಜಾಗ ಬದಲಾಯಿಸಿದರು.

ಕಳೆದ ತಿಂಗಳು ಆ ಉಪಾಧ್ಯಾಯಿನಿಯವರ ಯಂತ್ರಕ್ಕೆ ವರ್ಷದ ಸರ್ವಿಸು. ಈ ಸಲ ನಾನೊಬ್ಬನೇ ಹೋಗಿದ್ದೆ. ಇದ್ದಿಲಿನ ದಿಂಡು ಬದಲಾಯಿಸಿ, ಕೈ ಒರೆಸಿಕೊಂಡು, "ಅಮ್ಮಾ, ನಿಮ್ಮ ನೀರಿಗೆ ಈ ಯಂತ್ರ ಬೇಕಾಗಿರಲಿಲ್ಲ. ನನ್ನ ಹಲ್ಲು ಕೆಟ್ಟಿದ್ದು ನಮ್ಮೂರ ನೀರಿನಿಂದ" ಎಂದೆ. ಅವರು ಬಹಳ ಹೊತ್ತು ನನ್ನನ್ನು ನೋಡಿದರು. "ಅಂದೇ ಏಕೆ ಹೇಳಲಿಲ್ಲ?" ಎಂದರು. ಫೀಸಿನ ಮಾತು ಹೇಳಿದೆ. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವರು, ಬೈಯುತ್ತಾರೆಂದು ಕಾದಿದ್ದೆ. ಬೈಯಲಿಲ್ಲ, ಕಾಫಿಯನ್ನೂ ಕೊಡಲಿಲ್ಲ. ಸಿಂಕಿನ ಕೊಳವೆಯನ್ನು ತೆಗೆದು ಉದ್ದದ ಕೊಳವೆ ಹಾಕಿ ಬಟ್ಟೆ ಒಗೆಯುವ ಕಡೆಯ ತೊಟ್ಟಿಗೆ ಬಿಡು ಎಂದು ಹೇಳಿ, ಮುಗಿಯುವವರೆಗೆ ಬಾಗಿಲಲ್ಲಿ ನಿಂತಿದ್ದರು. ಆ ಕೆಲಸಕ್ಕೆ ನಾನು ಹಣ ಕೇಳಲಿಲ್ಲ.

ಅಜ್ಜಿ ಈಗಲೂ ಯಂತ್ರದ ನೀರನ್ನು ಅಮ್ಮ ಬೈದರೆ ಮಾತ್ರ ಕುಡಿಯುತ್ತಾಳೆ. ಅದಕ್ಕೆ ನಾನೊಂದು ಉಪಾಯ ಮಾಡಿದ್ದೇನೆ. ಊರಿಗೆ ಹೋಗುವ ಹಿಂದಿನ ರಾತ್ರಿ ಹಾಸ್ಟೆಲಿನ ಕಾವೇರಿ ನೀರನ್ನು ಕುದಿಸಿ ಆರಿಸಿ, ಎರಡೆರಡು ಲೀಟರಿನ ಎರಡು ಬಾಟಲಿ ತುಂಬಿಕೊಳ್ಳುತ್ತೇನೆ. ಬೆಂಗಳೂರಿನಿಂದ ಮಿಠಾಯಿ ತರದೆ ನೀರು ತರುತ್ತಾನೆಂದು ಓಣಿಯವರು ನಗುತ್ತಾರೆ. ಅಜ್ಜಿ ಬಾಗಿದ ಬೆನ್ನಿನಲ್ಲಿಯೇ ಲೋಟವನ್ನು ಎರಡು ಕೈಯಿಂದ ಹಿಡಿದು ಕುಡಿದು, "ಇದು ನೀರು" ಎನ್ನುತ್ತಾಳೆ. ಉಳಿದುದನ್ನು ಮಂಚದ ಕೆಳಗೆ ಬಚ್ಚಿಟ್ಟುಕೊಳ್ಳುತ್ತಾಳೆ. ಹೋದ ಸಲ ನಾನು ಕೇಳಿದರೂ ಕೊಡಲಿಲ್ಲ.