ತಾರೀಖು ಪಕ್ಷ, ಮೂಗು ಪಕ್ಷ

ನಮ್ಮ ಅಡುಗೆಮನೆಯಲ್ಲಿ ಎರಡು ಪಕ್ಷಗಳಿವೆ. ಒಂದು ತಾರೀಖು ಪಕ್ಷ, ಇನ್ನೊಂದು ಮೂಗು ಪಕ್ಷ. ಮೊದಲನೆಯದಕ್ಕೆ ನನ್ನ ಮಗಳು ಅಧ್ಯಕ್ಷೆ. ಯಾವ ಪೊಟ್ಟಣ ಕೈಗೆ ಸಿಕ್ಕಿದರೂ ಅವಳು ಮೊದಲು ಅದನ್ನು ತಲೆಕೆಳಗು ಮಾಡುತ್ತಾಳೆ. ಅಂಟಿನ ಮಡಿಕೆಯ ಒಳಗೆಲ್ಲೋ ಅರ್ಧ ಅಳಿಸಿಹೋಗಿರುವ ತಿಂಗಳು, ವರ್ಷವನ್ನು ಹುಡುಕಿ ಓದುತ್ತಾಳೆ. ಒಂದು ದಿನ ಮೀರಿದ್ದರೂ ಪೊಟ್ಟಣ ನೇರ ಕಸದ ಬುಟ್ಟಿಗೆ. ಎರಡನೆಯ ಪಕ್ಷದ ಸಂಸ್ಥಾಪಕಿ ನಮ್ಮಮ್ಮ. ಓದುವುದಕ್ಕೆ ಕನ್ನಡಕ ಬೇಕು, ಮೂಸುವುದಕ್ಕೆ ಬೇಡ ಎನ್ನುವುದು ಅವಳ ಏಕಮಾತ್ರ ಪ್ರಣಾಳಿಕೆ. ಹೆಂಡತಿ ಪಕ್ಷೇತರಳು. ದುಬಾರಿ ಗೋಡಂಬಿಯ ಪ್ರಶ್ನೆ ಬಂದಾಗ ಮೂಗಿನ ಕಡೆಗೂ, ನನ್ನ ತಂಗಿ ಕಳಿಸಿದ ಚಟ್ನಿಪುಡಿಯ ಪ್ರಶ್ನೆ ಬಂದಾಗ ತಾರೀಖಿನ ಕಡೆಗೂ ಮತ ಹಾಕುತ್ತಾಳೆ. ನನಗೆ ಮತದಾನದ ಹಕ್ಕಿಲ್ಲ. ಎರಡು ಪಕ್ಷಗಳೂ ತೀರ್ಮಾನಕ್ಕೆ ಬಾರದೆ ಬಿಟ್ಟಿದ್ದನ್ನು ತಿಂದು ತೋರಿಸುವುದಷ್ಟೇ ನನ್ನ ಕೆಲಸ.

ಕಾನೂನು ಮಗಳ ಕಡೆಗಿದೆ. ಎಫ್‌ಎಸ್‌ಎಸ್‌ಎಐ ಎಂಬ ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ಲೇಬಲ್ ನಿಯಮದ ಪ್ರಕಾರ ಪೊಟ್ಟಣದ ಮೇಲೆ ತಯಾರಾದ ಅಥವಾ ಕಟ್ಟಿದ ದಿನದ ಜತೆಗೆ ‘ಎಕ್ಸ್‌ಪೈರಿ’ ಅಥವಾ ‘ಯೂಸ್ ಬೈ’ ದಿನ ಇರಲೇಬೇಕು. ‘ಬೆಸ್ಟ್ ಬಿಫೋರ್’ ಬೇಕಿದ್ದರೆ ಹಾಕಬಹುದು, ಕಡ್ಡಾಯವಲ್ಲ. ಎರಡಕ್ಕೂ ವ್ಯತ್ಯಾಸ ದೊಡ್ಡದು. ಬೆಸ್ಟ್ ಬಿಫೋರ್ ದಾಟಿದ ಬಿಸ್ಕತ್ತು ಮೆತ್ತಗಾಗಿರಬಹುದು, ಅಪಾಯಕಾರಿಯಾಗಿರಬೇಕೆಂದಿಲ್ಲ. ಎಕ್ಸ್‌ಪೈರಿ ದಾಟಿದ್ದನ್ನು ಅಂಗಡಿಯವನು ಮಾರುವಂತೆಯೇ ಇಲ್ಲ. ಅದೇ ವರ್ಷ ಅಕ್ಟೋಬರ್ 1ರಿಂದ ಬಿಡಿಯಾಗಿ ಮಾರುವ ಮಿಠಾಯಿಗಳ ಮುಂದೆಯೂ ತಾರೀಖಿನ ಚೀಟಿ ಬಂತು. ಮೈಸೂರುಪಾಕಿಗೂ ಒಂದು ಕೊನೆಯ ದಿನ! ನಮ್ಮ ಮನೆಗೆ ಬಂದ ಯಾವ ಮೈಸೂರುಪಾಕೂ ಆ ದಿನವನ್ನು ನೋಡುವಷ್ಟು ಬದುಕಿಲ್ಲ ಎನ್ನುವುದು ಬೇರೆ ಮಾತು.

ತಾರೀಖಿನ ಕೆಳಗೆ ಇನ್ನೊಂದು ಸಾಲು ಇರುತ್ತದೆ, ಅದನ್ನು ಯಾರೂ ಓದುವುದಿಲ್ಲ: ‘ತಂಪಾದ, ಒಣ ಜಾಗದಲ್ಲಿಡಿ.’ ಇದನ್ನು ಬರೆದವರು ಕರ್ನಾಟಕವನ್ನು ನೋಡಿದಂತಿಲ್ಲ. ಆಷಾಢದ ಆಗುಂಬೆಯಲ್ಲಿ ತಂಪಿದೆ, ಒಣ ಇಲ್ಲ. ಮೇ ತಿಂಗಳ ಕಲಬುರಗಿಯಲ್ಲಿ ಒಣ ಇದೆ, ತಂಪಿಲ್ಲ. ಪೊಟ್ಟಣದ ಮೇಲಿರುವ ತಾರೀಖು, ಆ ತಂಪು ಮತ್ತು ಒಣ ಎರಡೂ ಕೂಡಿ ಬಾಳಿದರೆ ಮಾತ್ರ ಸಲ್ಲುವ ತಾರೀಖು. ಕತ್ತರಿಯಲ್ಲಿ ಮೂಲೆ ಕತ್ತರಿಸಿ, ರಬ್ಬರ್ ಬ್ಯಾಂಡ್ ಸುತ್ತಿ, ಒಲೆಯ ಪಕ್ಕದ ಕಪಾಟಿನಲ್ಲಿಟ್ಟ ಮೇಲೆ ಕಂಪನಿಯ ಜವಾಬ್ದಾರಿ ಮುಗಿಯಿತು. ರವೆಯ ಹುಳು ತನ್ನದೇ ಪಂಚಾಂಗ ನೋಡಿಕೊಂಡು ಬರುತ್ತದೆ.

ನಾನು ಬೆಳೆದ ಸಾಗರದ ಕಡೆಯ ಮನೆಯಲ್ಲಿ ಯಾವುದಕ್ಕೂ ತಾರೀಖು ಇರಲಿಲ್ಲ, ಆದರೆ ಎಲ್ಲಕ್ಕೂ ಇತಿಹಾಸವಿತ್ತು. ಅಟ್ಟದ ಮೇಲೆ ಕತ್ತಲಲ್ಲಿ ಕೂತ ಜಾಡಿ, ಡಬ್ಬಿ, ಮಡಕೆಗಳ ವಯಸ್ಸನ್ನು ಅಮ್ಮ ಮನುಷ್ಯರ ಲೆಕ್ಕದಲ್ಲಿ ಹೇಳುತ್ತಿದ್ದಳು. “ಅದು ಚಿಕ್ಕಪ್ಪನ ಮದುವೆ ವರ್ಷದ ಮಿಡಿ, ಮುಟ್ಟಬೇಡ.” “ಈ ಮುರುಗಲು ಸಿಪ್ಪೆ ಡ್ಯಾಮು ತುಂಬಿ ಹರಿದ ವರ್ಷದ್ದು.” ಮೂಲೆಯ ಮಡಕೆಯಲ್ಲಿ ಉಪ್ಪು ಬೆರೆಸಿ ಒತ್ತಿಟ್ಟ ಹುಣಸೆಹಣ್ಣು ಎಮರ್ಜೆನ್ಸಿ ಮುಗಿದ ವರ್ಷದ್ದು. ಬೆಲ್ಲದ ಬಣ್ಣ ಬಿಟ್ಟು ಕಪ್ಪಾಗಿ ಮಿರುಗುತ್ತಿತ್ತು. ಹೊಟ್ಟೆ ಕೆಟ್ಟಾಗ ಮಾತ್ರ ಅದಕ್ಕೆ ಕರೆ ಹೋಗುತ್ತಿತ್ತು. ಅದರ ಪಕ್ಕದ ಸಣ್ಣ ಭರಣಿಯನ್ನು ತೋರಿಸಿ “ಅದು ನಿನ್ನಜ್ಜಿ ಹೋದ ವರ್ಷದ್ದು” ಎಂದು, ಮಿಕ್ಕ ಜಾಡಿಗಳ ವಯಸ್ಸು ಹೇಳಿದ ದನಿಯಲ್ಲೇ ಹೇಳುತ್ತಿದ್ದಳು. ಯಾರು ಹುಟ್ಟಿದರು, ಯಾರು ಹೋದರು, ಯಾವ ವರ್ಷ ಮಳೆ ಕೈಕೊಟ್ಟಿತು ಎಂಬುದೆಲ್ಲ ಅಟ್ಟ ಹತ್ತಿದರೆ ಗೊತ್ತಾಗುತ್ತಿತ್ತು. ಈಗ ಕಪಾಟಿನ ಬಾಗಿಲು ತೆರೆದರೆ ಬರೀ ಬ್ಯಾಚ್ ನಂಬರು.

ಆ ಜಾಡಿಗಳು ಹಾಗೆ ಬಾಳುತ್ತಿದ್ದದ್ದು ಪವಾಡದಿಂದಲ್ಲ, ಗದರಿಕೆಯಿಂದ. ಅಪ್ಪೆಮಿಡಿಯನ್ನು ತೊಟ್ಟು ಮುರಿಯದಂತೆ ಕೊಯ್ಯಬೇಕು. ನೆಲಕ್ಕೆ ಬಿದ್ದು ಪೆಟ್ಟಾದದ್ದು ಒಂದೇ ಒಂದು ಸೇರಿದರೂ ಜಾಡಿಯೇ ಹೋಯಿತು. ಕಲ್ಲುಪ್ಪಿನ ನಡುವೆ ಪದರ ಪದರವಾಗಿ ಹಾಕಿಟ್ಟರೆ ಉಪ್ಪು ಮಿಡಿಯ ನೀರನ್ನೆಲ್ಲ ಹೀರಿ ಹೊರಗೆ ತರುತ್ತದೆ, ಮಿಡಿ ಚಿರುಟುತ್ತದೆ. ಅಷ್ಟು ಉಪ್ಪು, ಅಷ್ಟು ಹುಳಿ ಇದ್ದಲ್ಲಿ ಕೆಡಿಸುವ ಜೀವಿಗಳಿಗೆ ಕುಡಿಯಲು ನೀರೇ ಸಿಗುವುದಿಲ್ಲ. ಆ ಉಪ್ಪುನೀರನ್ನು ಕುದಿಸಿ ಆರಿಸಿ, ಸಾಸಿವೆ, ಮೆಣಸಿನ ಜತೆ ಅರೆದು ಸೇರಿಸಿ ಬಾಯಿಗೆ ಬಟ್ಟೆ ಕಟ್ಟಿದರೆ ವರ್ಷಗಟ್ಟಲೆ ಇರುತ್ತದೆ. ಒಂದೇ ಷರತ್ತು: ಒದ್ದೆ ಕೈ ಹಾಕಬಾರದು. ಉಪ್ಪಿನಕಾಯಿ ವಿಷಯದಲ್ಲಿ ನಮ್ಮ ಮನೆಯ ಸಂವಿಧಾನದಲ್ಲಿ ಇದ್ದದ್ದು ಅದೊಂದೇ ವಿಧಿ. ಅದನ್ನು ಮೀರಿದವರ ಹೆಸರು ಜಾಡಿಯ ಮೇಲೆ ಬೂಸಾಗಿ ಬೆಳೆಯುತ್ತಿತ್ತು; ವಿಚಾರಣೆಗೆ ಸಾಕ್ಷಿ ಬೇಕಾಗುತ್ತಿರಲಿಲ್ಲ.

ಕೆಲವು ಪದಾರ್ಥಗಳಿಗಂತೂ ಮುಪ್ಪೇ ಮರ್ಯಾದೆ. ಹೊಸ ಅಕ್ಕಿಯ ಅನ್ನ ಮುದ್ದೆಯಾಗುತ್ತದೆ, ಹಳೆಯ ಅಕ್ಕಿಯದು ಬಿಡಿಬಿಡಿಯಾಗಿ ಅರಳುತ್ತದೆ. ಅಂಗಡಿಯವನು ‘ಹಳೇ ಅಕ್ಕಿ ಸಾರ್’ ಎಂದು ಹೆಚ್ಚಿಗೆ ಕಾಸು ಕೇಳುವುದು ಅದಕ್ಕೇ. ಪಾಲಿಶ್ ಮಾಡಿದ ಬಿಳಿ ಅಕ್ಕಿ ಒಣಗಿದ್ದು, ಹುಳ ತಗುಲದಿದ್ದರೆ ತಾರೀಖು ದಾಟಿ ವರ್ಷಗಳೇ ಇರುತ್ತದೆ. ತವುಡು ಉಳಿದ ಕೆಂಪಕ್ಕಿಗೆ ಆ ಯೋಗವಿಲ್ಲ. ತವುಡಿನ ಎಣ್ಣೆ ತಿಂಗಳುಗಳಲ್ಲೇ ಕಮಟುತ್ತದೆ. ತುಪ್ಪ ಹಳತಾದರೆ ಆಯುರ್ವೇದದವರು ಅದಕ್ಕೆ ಪುರಾಣ ಘೃತ ಎಂದು ಬಿರುದು ಕೊಟ್ಟು ಔಷಧಿಯ ಸಾಲಿಗೆ ಸೇರಿಸುತ್ತಾರೆ. ಜೇನಿನಲ್ಲಿ ನೀರಿನಂಶ ಐದರಲ್ಲಿ ಒಂದು ಪಾಲಿಗಿಂತ ಕಡಿಮೆ, ಮೇಲೆ ಹುಳಿಗುಣ ಬೇರೆ. ಗಟ್ಟಿಯಾಗಿ ಹರಳುಗಟ್ಟಿದರೆ ಕೆಟ್ಟಿತೆಂದು ಎಸೆಯುತ್ತಾರೆ. ಬಿಸಿನೀರಲ್ಲಿ ಬಾಟಲಿ ನಿಲ್ಲಿಸಿದರೆ ಮತ್ತೆ ಹರಿಯುತ್ತದೆ.

ಈ ಸಾಲಿನಲ್ಲಿ ಪಟ್ಟಕ್ಕೆ ಕೂರಿಸಬೇಕಾದದ್ದು ರಾಗಿಯನ್ನು. ಕಾಳು ಎಷ್ಟು ಚಿಕ್ಕದೆಂದರೆ ಹುಳುವಿಗೆ ಒಳಗೆ ಮನೆ ಮಾಡಲು ಜಾಗವೇ ಇಲ್ಲ. ಹಳೆ ಮೈಸೂರಿನ ಹಳ್ಳಿಗಳಲ್ಲಿ ನೆಲದೊಳಗೆ ಹಗೇವು ತೋಡಿ, ಹುಲ್ಲು ಹಾಸಿ, ರಾಗಿ ಸುರಿದು, ಬಾಯಿಗೆ ಚಪ್ಪಡಿ ಇಟ್ಟು ಮಣ್ಣು ಮೆತ್ತುತ್ತಿದ್ದರು. ಒಳಗೆ ಗಾಳಿ ಮುಗಿದು ಇಂಗಾಲದ ಡೈಆಕ್ಸೈಡ್ ತುಂಬಿಕೊಂಡರೆ ಹುಳು ಉಳಿಯುವುದಿಲ್ಲ. ಮನುಷ್ಯನೂ ಉಳಿಯುವುದಿಲ್ಲ. ಅದಕ್ಕೇ ಹಗೇವು ತೆರೆದು ಗಾಳಿಗೆ ಬಿಟ್ಟು, ಹಗ್ಗಕ್ಕೆ ದೀಪ ಕಟ್ಟಿ ಇಳಿಸಿ ನೋಡುತ್ತಿದ್ದರು. ದೀಪ ಆರಿದರೆ ಯಾರೂ ಇಳಿಯುವಂತಿರಲಿಲ್ಲ. ಧಾತು ಈಶ್ವರ ಬರ ಎಂದು ಹಿರಿಯರು ಕರೆಯುತ್ತಿದ್ದ 1876–78ರ ಕ್ಷಾಮವನ್ನು ಕಂಡ ಸೀಮೆಯಲ್ಲಿ ಹತ್ತಾರು ವರ್ಷದ ರಾಗಿಗೆ ‘ಎಕ್ಸ್‌ಪೈರಿ ಆಗಿದೆಯಾ?’ ಎಂದು ಕೇಳುವ ಧೈರ್ಯ ಯಾರಿಗಿದ್ದೀತು?

ಆದರೆ ಕಾಳಿಗಿರುವ ಆಯಸ್ಸು ಹಿಟ್ಟಿಗಿಲ್ಲ. ಬೀಸಿದ ಕ್ಷಣದಿಂದ ಕಾಳಿನ ಎಣ್ಣೆ ಗಾಳಿಗೆ ಒಡ್ಡಿಕೊಳ್ಳುತ್ತದೆ. ವಿಜಯಪುರದ ಅಡುಗೆಯವರನ್ನು ಕೇಳಿ: ಜೋಳದ ಹಿಟ್ಟು ಹಳತಾದರೆ ಜಿಗಿ ಹೋಗುತ್ತದೆ, ಬಡಿದ ರೊಟ್ಟಿ ಅಂಚಿನಲ್ಲಿ ಸೀಳುತ್ತದೆ, ಬಾಯಿಗಿಟ್ಟರೆ ಕಹಿ. ಅದೇ ಹಿಟ್ಟನ್ನು ಹೊಸತಿರುವಾಗಲೇ ತಟ್ಟಿ, ಬೇಯಿಸಿ, ಖಡಕ್ ಆಗುವವರೆಗೆ ಒಣಗಿಸಿದರೆ ತಿಂಗಳುಗಟ್ಟಲೆ ತಿನ್ನಬಹುದು. ತೊಗರಿಬೇಳೆ ಕೆಡುವುದಿಲ್ಲ, ಹಟ ಹಿಡಿಯುತ್ತದೆ. ಸೆಖೆಯಲ್ಲಿ ಬಹಳ ದಿನ ಕೂತದ್ದು ಎಷ್ಟು ಸೀಟಿ ಹೊಡೆಸಿದರೂ ಕರಗುವುದಿಲ್ಲ. ಇಡೀ ಮೆಣಸು, ಲವಂಗ ಮೂರ್ನಾಲ್ಕು ವರ್ಷ ಖಾರ ಉಳಿಸಿಕೊಳ್ಳುತ್ತವೆ, ಪುಡಿಯಾದರೆ ಪರಿಮಳ ಬೇಗ ಹಾರಿಹೋಗುತ್ತದೆ. ಹಳೆಯ ಸಾರಿನಪುಡಿ ಯಾರನ್ನೂ ಕೊಲ್ಲುವುದಿಲ್ಲ, ಸಾರನ್ನು ಮಾತ್ರ ಕೊಲ್ಲುತ್ತದೆ.

ಹುಳುವಿನ ಬಗ್ಗೆ ಎರಡು ಪಕ್ಷಗಳ ನಡುವೆ ಒಮ್ಮೆ ದೊಡ್ಡ ಚರ್ಚೆಯೇ ನಡೆಯಿತು. ಅಕ್ಕಿಯಲ್ಲಿ ಓಡಾಡುವ ಮೂತಿಹುಳವನ್ನು ಕಂಡು ಮಗಳು ಕಿರುಚಿದಳು. ಆ ಹುಳು ಕಾಳು ಕೊರೆದು ಒಳಗೇ ಮೊಟ್ಟೆಯಿಡುತ್ತದೆ, ಅದು ಗೋದಾಮಿನಿಂದಲೇ ಬಂದಿರಬಹುದು, ಪಾಪ ನಮ್ಮ ಡಬ್ಬಿಯದೇನೂ ತಪ್ಪಿಲ್ಲ ಎಂದು ನಾನು ವಿವರಿಸಲು ಹೋದೆ. ಅಮ್ಮ ಮೊರ ಹಿಡಿದು ಬಿಸಿಲಿಗೆ ಹೊರಟವಳು ತಿರುಗಿ ನಿಂತು ಹೇಳಿದಳು: “ಹುಳು ತಿನ್ನುತ್ತಿದೆ ಅಂದರೆ ಅದರಲ್ಲಿ ಇನ್ನೂ ಸತ್ವ ಇದೆ ಅಂತ ತಾನೇ? ಹುಳುವೂ ಮೂಸದ ನಿಮ್ಮ ಪೊಟ್ಟಣದ ಹಿಟ್ಟನ್ನು ನಾನು ಯಾಕೆ ತಿನ್ನಲಿ?” ಸದನ ಅನಿರ್ದಿಷ್ಟಾವಧಿಗೆ ಮುಂದೂಡಲ್ಪಟ್ಟಿತು.

ಅಮೆರಿಕದಲ್ಲಿರುವ ನಮ್ಮ ಕಡೆಯವರದು ಮೂರನೆಯ ಪಕ್ಷ, ಫ್ರೀಜರ್ ಪಕ್ಷ. ಊರಿಂದ ಸೂಟ್‌ಕೇಸಿನಲ್ಲಿ ಹೋದ ಹುಳಿಪುಡಿ, ಚಟ್ನಿಪುಡಿ, ಕೊಬ್ಬರಿ ಎಲ್ಲ ಅಲ್ಲಿ ಹಿಮದಲ್ಲಿ ಹೂತಿರುತ್ತವೆ. ಅಲ್ಲಿಯ ಹಾಲು, ಬ್ರೆಡ್ಡನ್ನು ತಾರೀಖು ನೋಡಿ ಸುರಿಯುವವರು, ಅಮ್ಮ ಕೊಟ್ಟ ಪುಡಿಯ ವಯಸ್ಸನ್ನು ಕೇಳುವುದೇ ಇಲ್ಲ. ತಮಾಷೆಯೆಂದರೆ ಆ ದೇಶದ ಕೇಂದ್ರ ಕಾನೂನಿನಲ್ಲಿ ಶಿಶುಗಳ ಹಾಲಿನಪುಡಿಯೊಂದನ್ನು ಬಿಟ್ಟರೆ ಬೇರೆ ಆಹಾರಕ್ಕೆ ಇಂಥ ತಾರೀಖು ಕಡ್ಡಾಯವೇ ಅಲ್ಲ.

ಇಷ್ಟು ಹೇಳಿ ಮೂಗು ಪಕ್ಷಕ್ಕೆ ಜೈ ಎಂದುಬಿಟ್ಟರೆ ಅನ್ಯಾಯವಾದೀತು. ಮೂಗಿಗೆ ಸಿಗದ ವಿಷಗಳಿವೆ. ಮುಗ್ಗಿದ ಕಡಲೆಕಾಯಿ, ಮೆಕ್ಕೆಜೋಳದಲ್ಲಿ ಬೆಳೆಯುವ ಶಿಲೀಂಧ್ರ ಅಫ್ಲಾಟಾಕ್ಸಿನ್ ಬಿಡುತ್ತದೆ. ಹುರಿದರೂ ಬೇಯಿಸಿದರೂ ಅದು ಪೂರ್ತಿ ಹೋಗುವುದಿಲ್ಲ. 1974ರಲ್ಲಿ ರಾಜಸ್ಥಾನ, ಗುಜರಾತ್ ಕಡೆ ಮುಗ್ಗಿದ ಮೆಕ್ಕೆಜೋಳ ತಿಂದು ಯಕೃತ್ತು ಕೆಟ್ಟು ನೂರಕ್ಕೂ ಹೆಚ್ಚು ಜನ ಸತ್ತರು. ಉಬ್ಬಿದ ಡಬ್ಬಿಯೊಳಗೆ ಬೊಟುಲಿನಂ ಎಂಬ ಬ್ಯಾಕ್ಟೀರಿಯದ ವಿಷ ಇದ್ದರೆ ಅದು ವಾಸನೆ ಬೀರಿ ಎಚ್ಚರಿಸಬೇಕೆಂದೇನೂ ಇಲ್ಲ. ಸರಿಯಾಗಿ ಮುಚ್ಚಿದ ಡಬ್ಬಿ ಮಾತ್ರ ಅಚ್ಚರಿಯಷ್ಟು ಬಾಳುತ್ತದೆ: 1865ರಲ್ಲಿ ಮಿಸ್ಸೌರಿ ನದಿಯಲ್ಲಿ ಮುಳುಗಿದ ಬರ್ಟ್ರಂಡ್ ಎಂಬ ಹಡಗು ಒಂದು ಶತಮಾನದ ಮೇಲೆ ಸಿಕ್ಕಿತು. ಅದರ ಡಬ್ಬಿಗಳನ್ನು 1974ರಲ್ಲಿ ತೆರೆದು ಪರೀಕ್ಷಿಸಿದರೆ ಒಳಗೆ ಯಾವ ಸೂಕ್ಷ್ಮಜೀವಿಯೂ ಬೆಳೆದಿರಲಿಲ್ಲ. ಬಣ್ಣ, ಪರಿಮಳ, ಕೆಲವು ಜೀವಸತ್ವಗಳು ಮಾತ್ರ ಹೋಗಿದ್ದವು. ಇದನ್ನು ಮಗಳಿಗೆ ಹೇಳಿದೆ. “ಸರಿ, ನೀನೇ ತಿನ್ನು” ಎಂದಳು.

ನಾವು ಈಗ ಇರುವುದು ಮೈಸೂರಿನಲ್ಲಿ. ಆಹಾರ ಕೆಡದಂತೆ ಇಡುವುದು ಹೇಗೆಂದು ದೇಶಕ್ಕೇ ಹೇಳಿಕೊಡುವ ಊರು ಇದು. ಚೆಲುವಾಂಬ ಅರಮನೆಯಲ್ಲಿ 1950ರಿಂದ ಸಿಎಫ್‌ಟಿಆರ್‌ಐ ಎಂಬ ಆಹಾರ ಸಂಶೋಧನಾ ಸಂಸ್ಥೆ ಇದೆ. 1961ರಿಂದ ಸೈನಿಕರ ಬುತ್ತಿಗಾಗಿಯೇ ಡಿಎಫ್‌ಆರ್‌ಎಲ್ ಎಂಬ ಪ್ರಯೋಗಾಲಯ ಬೆಳೆಯಿತು. ಹಿಮಗಡಿಯಲ್ಲಿ ಕೂತವನಿಗೂ ಕೆಡದ ಪಲಾವು ತಲುಪಿಸುವ ವಿದ್ಯೆ ಅಲ್ಲಿಯದು. ಪೊಟ್ಟಣದ ಆಯಸ್ಸು ಅಳೆಯುವುದು ಹೇಗೆ ಎಂದು ತಿಳಿದಾಗ ನನಗೆ ನಗು ಬಂತು. ಬೇಕೆಂದೇ ಸೆಖೆ, ತೇವ ಹೆಚ್ಚಿಸಿದ ಕೋಣೆಯಲ್ಲಿ ತಿನಿಸನ್ನಿಟ್ಟು ಎಣ್ಣೆ ಎಷ್ಟು ಕಮಟಿತು, ತೇವ ಎಷ್ಟು ಏರಿತು ಎಂದು ಯಂತ್ರಗಳಲ್ಲಿ ನೋಡುತ್ತಾರೆ. ಜತೆಗೆ ತರಬೇತಾದ ಕೆಲವರನ್ನು ಸಾಲಾಗಿ ಕೂರಿಸಿ ಮೂಸಲು, ನೆಕ್ಕಲು ಕೊಟ್ಟು ಅಂಕ ಹಾಕಿಸುತ್ತಾರೆ. ಅವರು ಮುಖ ಸಿಂಡರಿಸುವ ದಿನಕ್ಕಿಂತ ತುಸು ಮೊದಲಿನ ದಿನವನ್ನು ಕಂಪನಿ ಅಚ್ಚು ಹಾಕಿಸುತ್ತದೆ. ಅಂದರೆ ತಾರೀಖಿನ ಹಿಂದೆಯೂ ಮೂಗೇ ಇದೆ! ನಮ್ಮ ಮನೆಯ ಕಪಾಟು, ನಮ್ಮೂರಿನ ಮಳೆ, ನಮ್ಮ ಒದ್ದೆ ಕೈ ಯಾವುದನ್ನೂ ಕಾಣದ ಅಪರಿಚಿತರ ಮೂಗು.

ಈಚೆಗೆ ಮನೆಯಲ್ಲಿ ರಾಜಕೀಯ ಬದಲಾಗಿದೆ. ಅಮ್ಮನಿಗೆ ವಯಸ್ಸಾದಂತೆ ವಾಸನೆ ಸರಿಯಾಗಿ ಹತ್ತುತ್ತಿಲ್ಲ. ಒಗ್ಗರಣೆ ಸೀದದ್ದು ಅವಳಿಗೆ ಹೊಗೆ ಕಂಡ ಮೇಲೆ ಗೊತ್ತಾಯಿತು. ಅದನ್ನು ಅವಳು ಯಾರಿಗೂ ಹೇಳಲಿಲ್ಲ. ಮರುದಿನ ಶೇಂಗಾ ಡಬ್ಬಿಯ ಮುಚ್ಚಳ ತೆಗೆದು, ಎಂದಿನಂತೆ ಮೂಗಿನ ಹತ್ತಿರ ತಂದು, ಸ್ವಲ್ಪ ಹೊತ್ತು ಸುಮ್ಮನಿದ್ದು, ಮೊಮ್ಮಗಳ ಕಡೆ ಚಾಚಿದಳು. “ಇದನ್ನೊಂದು ಸಲ ನೋಡೇ. ಕಮಟು ಬಂದಿದೆಯಾ?” ವಿರೋಧ ಪಕ್ಷದ ಅಧ್ಯಕ್ಷೆ ಡಬ್ಬಿಯ ತಳ ತಿರುಗಿಸಿ ನೋಡಿದಳು. ಅಲ್ಲಿ ತಾರೀಖು ಇರಲಿಲ್ಲ. ಮೂಸಿದಳು. “ಏನೋ ಒಂಥರಾ, ಹಳೇ ಬಣ್ಣದ ಡಬ್ಬಿ ತರ” ಎಂದಳು. “ಅದೇ ಕಮಟು. ನೆನಪಿಟ್ಟುಕೋ” ಎಂದಳು ಅಮ್ಮ. ಈಗ ದಿನಾ ಸಂಜೆ ಪಾಠ ನಡೆಯುತ್ತದೆ: ಇದು ಮುಗ್ಗು, ಇದು ಹುಳಿ ಬಂದದ್ದು, ಇದು ಬರೀ ಹಳತು. ಹೆಂಡತಿ ಮಾತ್ರ ಪಕ್ಷೇತರಳಾಗಿಯೇ ಮುಂದುವರಿದಿದ್ದಾಳೆ.

ನನ್ನ ತೀರ್ಪು ಇಷ್ಟೇ. ಮಗುವಿನ ಹಾಲಿನಪುಡಿ, ಎಕ್ಸ್‌ಪೈರಿ ಎಂದು ಸ್ಪಷ್ಟವಾಗಿ ಅಚ್ಚಾದದ್ದು, ಇವುಗಳಲ್ಲಿ ತಾರೀಖಿಗೆ ತಲೆಬಾಗಿ. ಉಬ್ಬಿದ ಡಬ್ಬಿ, ಮುಗ್ಗಿದ ಕಾಳು ಕಂಡರೆ ತಾರೀಖು ಬಾಕಿ ಇದ್ದರೂ ಎಸೆಯಿರಿ. ಉಪ್ಪು, ಸಕ್ಕರೆ, ಜೇನು, ಅಕ್ಕಿ, ರಾಗಿ, ಹುಣಸೆಹಣ್ಣನ್ನು ಅಚ್ಚಿನ ಮಾತು ಕೇಳಿ ಕಸಕ್ಕೆ ಸುರಿಯುವ ಮೊದಲು ಒಮ್ಮೆ ಮುಚ್ಚಳ ತೆಗೆದು ನೋಡಿ. ಹಿಟ್ಟು, ಪುಡಿಗಳನ್ನು ತಿಂಗಳಿಗೆ ಬೇಕಾದಷ್ಟೇ ಕೊಳ್ಳಿ. ಡಬ್ಬಿಗೆ ತುಂಬಿದ ದಿನವನ್ನು ಒಂದು ಚೀಟಿಯಲ್ಲಿ ಬರೆದು ಅಂಟಿಸಿ. ಆ ವರ್ಷ ಮನೆಯಲ್ಲಿ ಯಾರ ಮದುವೆಯಾಯಿತು ಎಂದೂ ಬರೆದರೆ ತಪ್ಪಿಲ್ಲ. ಮತ್ತು ಮಕ್ಕಳಿಗೆ ತಾರೀಖು ಓದಲು ಕಲಿಸಿದಂತೆ ಮೂಸಲೂ ಕಲಿಸಿ, ಕಲಿಸಬಲ್ಲವರು ಮನೆಯಲ್ಲಿ ಇರುವಾಗಲೇ.